ಅರ್ಜಿ ಬರೆಯಲು ಈ ಸಂಕೋಚವೇಕೆ?

ದುಡಿಮೆಯಲ್ಲಿ ಹೊರನಾಡ ಕನ್ನಡಿಗರು ಯಾರಿಗೂ ಕಡಿಮೆಯಲ್ಲ ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಪ್ರತಿವರ್ಷ ಕೇಳುತ್ತೇವೆ, ಚಪ್ಪಾಳೆಯನ್ನೂ ತಟ್ಟುತ್ತೇವೆ. ಮಾತು ನಿಜವೇ. ಆದರೆ ಆ ದುಡಿಮೆಯನ್ನು ನಾಲ್ಕು ಸಾಲುಗಳಲ್ಲಿ ಕಾಗದದ ಮೇಲೆ ಇಡಬೇಕಾದಾಗ ನಮ್ಮವರ ಕೈ ನಡುಗುತ್ತದೆ. ನೌಕರಿಯ ಅರ್ಜಿ ಬರೆಯುವುದರಲ್ಲಿ ನಮ್ಮಷ್ಟು ಹಿಂದುಳಿದವರು ಈ ಮುಂಬಯಿಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂಬ ಸಂದೇಹ ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿದೆ. ಮಾತು ಕಟುವಾಯಿತೆಂದು ಕೆಲವು ಹಿರಿಯರಿಗೆ ಅನಿಸಬಹುದು. ಅನಿಸಲಿ. ಸಿಹಿ ಮಾತಿನಿಂದ ಯಾವ ತರುಣನಿಗೂ ಸಂದರ್ಶನದ ಕರೆ ಬಂದಿಲ್ಲ.

ಸಲಹೆ ಕೇಳಿಕೊಂಡು ಸಂಘದ ಕಚೇರಿಗೆ ಬರುವ ತರುಣ ತರುಣಿಯರ ಅರ್ಜಿಗಳನ್ನು ನಾವು ಓದುತ್ತಿರುತ್ತೇವೆ. ಜಾಹೀರಾತಿನಲ್ಲಿ ಆಯ್ಕೆಯ ಮಾನದಂಡಗಳನ್ನು ಒಂದೊಂದಾಗಿ ಹೇಳಿರುತ್ತದೆ: ಲೆಕ್ಕಪತ್ರ ಇಟ್ಟ ಅನುಭವ, ಹತ್ತು ಜನರೊಡನೆ ಹೊಂದಿಕೊಂಡು ಕೆಲಸ ಮಾಡುವ ಸಾಮರ್ಥ್ಯ, ಒತ್ತಡದ ನಡುವೆಯೂ ತಾಳ್ಮೆ, ಸ್ಥಳೀಯ ಭಾಷೆಯ ಜ್ಞಾನ. ಇವಕ್ಕೆ ನಮ್ಮ ಹುಡುಗ ಬರೆಯುವ ಉತ್ತರವೇನು? ತಾನು ಪ್ರಾಮಾಣಿಕ, ಶ್ರಮಜೀವಿ, ಯಾವ ಕೆಲಸವನ್ನಾದರೂ ಬೇಗ ಕಲಿಯಬಲ್ಲೆ, ಒಂದು ಅವಕಾಶ ದಯಪಾಲಿಸಿದರೆ ಮೇಲಧಿಕಾರಿಗಳ ಮೆಚ್ಚುಗೆಗೆ ಪಾತ್ರನಾಗುವಂತೆ ದುಡಿಯುತ್ತೇನೆ! ಅನುಭವವೆಂಬ ಅಂಕಣದ ಮುಂದೆ ಒಂದೇ ಶಬ್ದ: ಇಲ್ಲ. ವಿಚಾರಿಸಿದರೆ, ಆತ ಆರು ವರ್ಷ ಹಗಲು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ರಾತ್ರಿ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದವನು. ಅದನ್ನೇಕೆ ಬರೆಯಲಿಲ್ಲವೆಂದು ಕೇಳಿದರೆ, "ಅದು ಹೋಟೆಲು ಕೆಲಸವಲ್ಲವೇ?" ಎನ್ನುತ್ತಾನೆ. ಹತ್ತು ವರ್ಷ ಒಂದು ಸಂಸ್ಥೆಯ ಮಹಿಳಾ ವಿಭಾಗದ ಜಮಾಖರ್ಚು ನೋಡಿಕೊಂಡು, ವಾರ್ಷಿಕೋತ್ಸವಕ್ಕೆ ನೂರಾರು ಜನರ ಊಟೋಪಚಾರದ ವ್ಯವಸ್ಥೆ ಮಾಡಿದ ಸಹೋದರಿಯೂ ಅದೇ ಅಂಕಣದಲ್ಲಿ 'ಗೃಹಿಣಿ' ಎಂದಷ್ಟೇ ಬರೆದು ಮುಗಿಸುತ್ತಾಳೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮವರು ತಮ್ಮ ಜೀವನಕ್ಕೇ ಅನ್ವಯಿಸಿಕೊಂಡಂತಿದೆ.

ಇದಕ್ಕೆ ಕಾರಣಗಳನ್ನು ಹುಡುಕಿದರೆ ಮೊದಲು ಎದುರಾಗುವವರು ನಮ್ಮ ವಶೀಲಿವಾದಿಗಳು. "ಏನು ಮಾರಾಯ, ಅರ್ಜಿ ಬರೆದು ಯಾರಿಗೆ ಕೆಲಸ ಸಿಕ್ಕಿದೆ? ಒಳಗೆ ನಮ್ಮವರು ಯಾರಾದರೂ ಇದ್ದಾರೆಯೇ ನೋಡು" ಎಂಬುದು ಇವರ ಉಪದೇಶ. ವಶೀಲಿ ಈ ದೇಶದಲ್ಲಿ ಇಲ್ಲವೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಆದರೆ ವಶೀಲಿಯೊಂದೇ ಇದ್ದ ಕಾಲ ಹೇಗಿತ್ತೆಂಬುದನ್ನು ಈ ಮಹಾಶಯರು ಸ್ವಲ್ಪ ನೆನಪಿಸಿಕೊಳ್ಳಬೇಕು. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ದೊಡ್ಡ ಹುದ್ದೆಗಳೆಲ್ಲ ಕಂಪೆನಿಯ ಡೈರೆಕ್ಟರುಗಳು ಹೆಸರು ಸೂಚಿಸಿದ ಅವರ ಬಂಧುಮಿತ್ರರ ಮಕ್ಕಳಿಗೆ ಹೋಗುತ್ತಿದ್ದವು. 1854ರಲ್ಲಿ ಇಂಗ್ಲೆಂಡಿನಲ್ಲಿ ನಾರ್ತ್‌ಕೋಟ್ ಮತ್ತು ಟ್ರೆವೆಲ್ಯನ್ ಅವರ ವರದಿ ಹೊರಬಂದಿತು. ಅದೇ ವರ್ಷ ಭಾರತದ ಸೇವೆಗಾಗಿ ಮೆಕಾಲೆಯ ಸಮಿತಿಯೂ ಮುಕ್ತ ಸ್ಪರ್ಧೆಯನ್ನು ಶಿಫಾರಸು ಮಾಡಿತು. ಮರುವರ್ಷ, 1855ರಲ್ಲಿ, ಲಂಡನ್ನಿನಲ್ಲಿ ಮೊದಲ ಸ್ಪರ್ಧಾ ಪರೀಕ್ಷೆ ನಡೆಯಿತು. ನಮ್ಮ ದೇಶದಲ್ಲಿ ಲೋಕಸೇವಾ ಆಯೋಗ ಸ್ಥಾಪನೆಯಾದದ್ದು 1926ರ ಅಕ್ಟೋಬರ್ 1ರಂದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 16ನೆಯ ವಿಧಿ ಸರಕಾರಿ ನೌಕರಿಯಲ್ಲಿ ಎಲ್ಲ ನಾಗರಿಕರಿಗೂ ಸಮಾನ ಅವಕಾಶವೆಂದು ಸಾರಿತು. ಹುದ್ದೆಗೆ ಏನು ಬೇಕೆಂಬುದನ್ನು ಮೊದಲೇ ಬರೆದು ಪ್ರಕಟಿಸುವ ಪದ್ಧತಿ ಹೀಗೆ ದೀರ್ಘ ಹಾದಿಯನ್ನು ಕ್ರಮಿಸಿ ಬಂದದ್ದು. ಗುರುತು ಪರಿಚಯವಿಲ್ಲದವನ ಕೈಗೆ ಸಿಕ್ಕಿದ ಒಂದೇ ಆಯುಧ ಅದು. ಈ ಮಹಾನಗರಕ್ಕೆ ಒಂದು ಟ್ರಂಕು ಹಿಡಿದು ಬಂದಿಳಿದ ನಮ್ಮ ಹಿರಿಯರಿಗೆ ಯಾವ ಡೈರೆಕ್ಟರರ ಪರಿಚಯವಿತ್ತು?

ಈ ಆಯುಧ ಇಂದು ಮೊಂಡಾಗಿಲ್ಲ. ಕೇಂದ್ರ ಸರಕಾರದ ಗ್ರೂಪ್ ಸಿ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ. ಮುಖ ನೋಡಿ ಮಣೆ ಹಾಕಲು ಅಲ್ಲಿ ಅವಕಾಶ ಕಡಿಮೆಯಾಗಿದೆ. ಆಟ ಮುಗಿದ ಮೇಲೆ ಆಟದ ನಿಯಮ ಬದಲಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಹೇಳಿತ್ತು. 2024ರ ನವೆಂಬರ್ 7ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠ ಇನ್ನೂ ಸ್ಪಷ್ಟಪಡಿಸಿತು: ನೇಮಕಾತಿ ಆರಂಭವಾದಾಗ ಪ್ರಕಟಿಸಿದ ಅರ್ಹತೆಯ ಮಾನದಂಡವನ್ನು, ನಿಯಮಗಳಾಗಲಿ ಜಾಹೀರಾತಾಗಲಿ ಅನುಮತಿಸಿದ ಹೊರತು, ನಡುವೆ ಬದಲಿಸುವಂತಿಲ್ಲ. ದೇಶದ ಅತ್ಯುಚ್ಚ ನ್ಯಾಯಾಲಯ ಇಷ್ಟು ಗೌರವ ಕೊಟ್ಟಿರುವ ಮಾನದಂಡಗಳನ್ನು ನಮ್ಮ ಅಭ್ಯರ್ಥಿ ಎರಡು ಸಲ ಓದುವುದೂ ಇಲ್ಲವೆಂದರೆ ತಪ್ಪು ಯಾರದು? ಕೆಲಸ ಸಿಗದಿದ್ದಾಗ ವಶೀಲಿಯನ್ನು ದೂರುವುದು ಸುಲಭ. ಕೇಳಿದ ಪ್ರಶ್ನೆಗೆ ಉತ್ತರ ಬರೆದಿದ್ದೇವೆಯೇ ಎಂದು ನೋಡಿಕೊಳ್ಳುವುದು ಕಷ್ಟ.

ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮವಾದುದು, ಹೆಚ್ಚು ಗೌರವಸ್ಥವಾದುದು. ತನ್ನ ಗುಣವನ್ನು ತಾನೇ ಹೇಳಿಕೊಳ್ಳಬಾರದು, ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಮಕ್ಕಳಿಗೆ ಬಾಲ್ಯದಿಂದ ಕಲಿಸಿದ್ದೇವೆ. ಆತ್ಮಪ್ರಶಂಸೆ ಆತ್ಮಹತ್ಯೆಗೆ ಸಮಾನವೆಂದು ಮಹಾಭಾರತದ ಕರ್ಣಪರ್ವದಲ್ಲಿ ಶ್ರೀಕೃಷ್ಣನೇ ಅರ್ಜುನನಿಗೆ ಹೇಳುವ ಪ್ರಸಂಗ ನಮ್ಮ ತಾಳಮದ್ದಳೆ ಕೇಳುವವರಿಗೆಲ್ಲ ಗೊತ್ತು. ಈ ಸಂಸ್ಕಾರವನ್ನು ನಾವು ಹಳಿಯುವುದಿಲ್ಲ. ಆದರೆ ಹೊಗಳಿಕೆಗೂ ಸಾಕ್ಷ್ಯಕ್ಕೂ ಇರುವ ವ್ಯತ್ಯಾಸವನ್ನು ಮರೆತರೆ ಸಂಸ್ಕಾರವೇ ಕಾಲಿಗೆ ತೊಡರುವ ಬಳ್ಳಿಯಾದೀತು. ಅಶೋಕವನದಲ್ಲಿ ಹನುಮಂತ ಏನು ಮಾಡಿದ? ಅಪರಿಚಿತನಾದ ತನ್ನನ್ನು ಸೀತಾದೇವಿ ನಂಬಬೇಕಾದರೆ ತಾನು ಬಲಶಾಲಿ, ನಂಬಿಕಸ್ಥ, ಉತ್ಸಾಹಿ ಎಂದು ಹೇಳಿಕೊಂಡರೆ ಸಾಲದೆಂದು ಅವನಿಗೆ ತಿಳಿದಿತ್ತು. ರಾಮನ ಕಥೆಯನ್ನು ಹೇಳಿದ, ಉಂಗುರವನ್ನು ಮುಂದಿಟ್ಟ. ಹಿಂತಿರುಗಿ ಬಂದು ರಾಮನಿಗೆ ಚೂಡಾಮಣಿಯನ್ನು ಒಪ್ಪಿಸಿದ. ಇದನ್ನು ಜಂಬವೆಂದು ಇದುವರೆಗೆ ಯಾರೂ ಕರೆದಿಲ್ಲ.

ವಿಚಾರಿಸಿ ನೋಡಿದರೆ, ನಿಜವಾದ ಆತ್ಮಪ್ರಶಂಸೆ ಇರುವುದು ನಮ್ಮವರು ವಿನಯವೆಂದು ತಿಳಿದು ಬರೆಯುವ ಆ ಸಾಲುಗಳಲ್ಲಿಯೇ. ಶ್ರಮಜೀವಿ, ಪ್ರಾಮಾಣಿಕ, ಶಿಸ್ತಿನವನು ಎಂಬುವೆಲ್ಲ ಇನ್ನೊಬ್ಬರು ನಮಗೆ ಕೊಡಬೇಕಾದ ಬಿರುದುಗಳು. ಅವನ್ನು ನಾವೇ ತೊಟ್ಟುಕೊಂಡು ನಿಂತರೆ ಓದುವವನಿಗೆ ನಗು ಬಾರದೇ? ಇಂಥ ವರ್ಷದಿಂದ ಇಂಥ ವರ್ಷದ ವರೆಗೆ ಇಂಥ ಕೆಲಸ ಮಾಡಿದೆ, ಇಂಥ ತೊಡಕು ಬಂತು, ಹೀಗೆ ಬಿಡಿಸಿದೆ ಎಂದು ಬರೆದರೆ ಅದರಲ್ಲಿ ಹೊಗಳಿಕೆ ಎಲ್ಲಿದೆ? ಅದು ಲೆಕ್ಕ ಒಪ್ಪಿಸಿದಂತೆ. ತೀರ್ಪು ಓದುವವನಿಗೆ ಬಿಟ್ಟದ್ದು.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ತಿಳಿದಿತ್ತು. ಈ ನಗರದ ಕಚೇರಿಗಳಲ್ಲಿ ಒಂದು ಕಾಲಕ್ಕೆ ದಕ್ಷಿಣದ ಟೈಪಿಸ್ಟರಿಗೆ, ಸ್ಟೆನೋಗ್ರಾಫರರಿಗೆ ಒಳ್ಳೆಯ ಹೆಸರಿತ್ತು. ಆ ಕೆಲಸಕ್ಕೆ ಅರ್ಜಿ ಹಾಕುವವನು ತಾನು ಚುರುಕು ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ. ನಿಮಿಷಕ್ಕೆ ಎಷ್ಟು ಶಬ್ದ ಎಂಬುದೇ ಪ್ರಶ್ನೆ. ಇಂದಿಗೂ ಕೇಂದ್ರದ ಸ್ಟೆನೋಗ್ರಾಫರ್ ಪರೀಕ್ಷೆಯಲ್ಲಿ ಗ್ರೇಡ್ ಸಿ ಹುದ್ದೆಗೆ ನಿಮಿಷಕ್ಕೆ 100, ಗ್ರೇಡ್ ಡಿ ಹುದ್ದೆಗೆ 80 ಶಬ್ದಗಳ ವೇಗ ಬೇಕು. ಆ ಒಂದು ಅಂಕೆ ಹತ್ತು ವಿಶೇಷಣಗಳ ಕೆಲಸ ಮಾಡುತ್ತಿತ್ತು. ಇಂದು ಮಾನದಂಡಗಳು ಶಬ್ದರೂಪದಲ್ಲಿ ಬರುತ್ತಿವೆ, 'ಸಂವಹನ ಸಾಮರ್ಥ್ಯ', 'ನಾಯಕತ್ವ' ಎಂದೆಲ್ಲ. ಆದ್ದರಿಂದ ಅವಕ್ಕೆ ಅಂಕೆಯಿಲ್ಲ, ಅಳತೆಯಿಲ್ಲ ಎಂದು ನಮ್ಮ ತರುಣರು ಭ್ರಮಿಸಿದ್ದಾರೆ. ಕೇಳಿದ ಶಬ್ದವನ್ನೇ ತಿರುಗಿ ಒಪ್ಪಿಸಿ, ತನ್ನಲ್ಲಿ ಸಂವಹನ ಸಾಮರ್ಥ್ಯ ಇದೆ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಬಾವಿಯೊಳಗೆ ಕೂಗಿದರೆ ನಮ್ಮ ಕೂಗೇ ನಮಗೆ ಕೇಳಿಸುತ್ತದೆ. ಅದನ್ನು ಯಾರೂ ಉತ್ತರವೆನ್ನುವುದಿಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಮೇಲೆ ಹೇಳಿದ ಗಲ್ಲಾಪೆಟ್ಟಿಗೆಯ ತರುಣನನ್ನೇ ತೆಗೆದುಕೊಳ್ಳೋಣ. ಒತ್ತಡದ ನಡುವೆ ಹತ್ತು ಜನರೊಡನೆ ಕೆಲಸ ಮಾಡಬಲ್ಲೆಯಾ ಎಂದು ಕೇಳಿದಾಗ ಅವನು ಹೀಗೆ ಬರೆಯಬಹುದಿತ್ತು: "2018ರಿಂದ 2024ರ ವರೆಗೆ ಒಂದು ಉಪಾಹಾರ ಗೃಹದಲ್ಲಿ ಗಲ್ಲಾ ನೋಡಿಕೊಂಡಿದ್ದೆ. ಬೆಳಗಿನ ಜನಜಂಗುಳಿಯಲ್ಲಿ 12 ಮಂದಿ ಕೆಲಸಗಾರರ ನಡುವೆ ಆರ್ಡರು, ಬಿಲ್ಲು, ಪಾರ್ಸೆಲು ಹೊಂದಿಸುವುದು ನನ್ನ ಹೊಣೆಯಾಗಿತ್ತು. ರಾತ್ರಿ ನಗದನ್ನೂ ಯುಪಿಐ ಹಣವನ್ನೂ ಬಿಲ್ಲುಗಳೊಡನೆ ತಾಳೆ ನೋಡಿ ಮಾಲೀಕರಿಗೆ ಒಪ್ಪಿಸುತ್ತಿದ್ದೆ. ಲೆಕ್ಕದಲ್ಲಿ ವ್ಯತ್ಯಾಸ ಕಾಣತೊಡಗಿದಾಗ ಪ್ರತಿ ಪಾಳಿಗೂ ಬೇರೆ ಪುಸ್ತಕ ಇಟ್ಟೆ. ಆ ಮೇಲೆ ತಪ್ಪು ಯಾವ ಪಾಳಿಯದೆಂದು ಅಂದೇ ಗೊತ್ತಾಗುತ್ತಿತ್ತು." ಇದರಲ್ಲಿ ಒಂದೇ ಒಂದು ವಿಶೇಷಣವಿಲ್ಲ. ಆದರೂ ಪ್ರಾಮಾಣಿಕತೆ, ತಾಳ್ಮೆ, ಬುದ್ಧಿ ಮೂರೂ ಕಾಣುತ್ತವೆ. ಸಂದರ್ಭವೇನು, ತನ್ನ ಹೊಣೆ ಏನು, ತಾನು ಮಾಡಿದ್ದೇನು, ಅದರಿಂದ ಆದದ್ದೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು. 'ನಾವು ಮಾಡಿದೆವು' ಎಂದು ಎಲ್ಲರ ಹೆಸರಿನಲ್ಲಿ ಮುಳುಗಿಹೋಗದೆ, ಅದರಲ್ಲಿ ತನ್ನ ಪಾಲೆಷ್ಟು ಎಂಬುದನ್ನೂ ಹೇಳಬೇಕು.

ಇದು ನಮ್ಮ ಸ್ವಂತ ಕಲ್ಪನೆಯೇನಲ್ಲ. ಆಸ್ಟ್ರೇಲಿಯಾದ ಸರಕಾರಿ ಕಚೇರಿಗಳು ಬಹುಕಾಲದಿಂದ ಪ್ರತಿಯೊಂದು ಮಾನದಂಡಕ್ಕೂ ಅಭ್ಯರ್ಥಿಯಿಂದ ಪ್ರತ್ಯೇಕ ಉತ್ತರ ಬರೆಸಿಕೊಂಡಿವೆ. ಈಗ ಅಲ್ಲಿನ ಹಲವು ಇಲಾಖೆಗಳು ಎಲ್ಲವನ್ನೂ ಒಂದೇ ಪುಟದಲ್ಲಿ ಹೇಳೆನ್ನುತ್ತವೆ. ಬ್ರಿಟನ್ನಿನ ಸಿವಿಲ್ ಸರ್ವಿಸಿನಲ್ಲಿ ಒಂದೊಂದು ಗುಣಕ್ಕೂ ಒಂದು ಉದಾಹರಣೆಯನ್ನು ಸಾಮಾನ್ಯವಾಗಿ 250 ಶಬ್ದಗಳೊಳಗೆ ಕೊಡಬೇಕು. ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರ ಮಕ್ಕಳು ಇದನ್ನು ಕಲಿತೇ ಕೆಲಸ ಹಿಡಿದಿದ್ದಾರೆ. ಇಲ್ಲಿರುವವರು ಮಾತ್ರ ಹಳೆಯ ಸಂಕೋಚವನ್ನೇ ಅಪ್ಪಿಕೊಂಡಿದ್ದಾರೆ.

ನಮ್ಮ ಕೇಂದ್ರ ಲೋಕಸೇವಾ ಆಯೋಗವನ್ನೇ ನೋಡಿರಿ. ನೇರ ಆಯ್ಕೆಯ ಹುದ್ದೆಗಳ ಜಾಹೀರಾತಿನಲ್ಲಿ 'ಅವಶ್ಯ' ಮತ್ತು 'ಅಪೇಕ್ಷಣೀಯ' ಎಂದು ಅರ್ಹತೆಗಳನ್ನು ಎರಡು ಬಗೆಯಾಗಿ ಹೇಳಿರುತ್ತದೆ. ಅವಶ್ಯ ಅರ್ಹತೆಗಳು ಕನಿಷ್ಠ ಮಾತ್ರ, ಅವು ಇದ್ದ ಮಾತ್ರಕ್ಕೆ ಸಂದರ್ಶನಕ್ಕೆ ಕರೆಯಬೇಕೆಂದಿಲ್ಲ ಎಂದು ಆಯೋಗ ಸ್ಪಷ್ಟವಾಗಿ ತಿಳಿಸುತ್ತದೆ. ಅರ್ಜಿಗಳು ಹೆಚ್ಚಾದಾಗ ಹೆಚ್ಚಿನ ವಿದ್ಯಾರ್ಹತೆ, ಹೆಚ್ಚಿನ ಅನುಭವ, ಅಪೇಕ್ಷಣೀಯ ಅರ್ಹತೆ ಇವುಗಳ ಆಧಾರದ ಮೇಲೆ ಪಟ್ಟಿಯನ್ನು ಕಿರಿದುಗೊಳಿಸಬಹುದು. ಆದ್ದರಿಂದ ಕನಿಷ್ಠಕ್ಕಿಂತ ಮೇಲಿರುವ ಎಲ್ಲ ಅರ್ಹತೆ, ಅನುಭವಗಳನ್ನೂ ಅಭ್ಯರ್ಥಿ ಬರೆಯಬೇಕೆಂದು ಆಯೋಗವೇ ಸೂಚಿಸುತ್ತದೆ. 'ಅಪೇಕ್ಷಣೀಯ' ಎಂದರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಅರ್ಥಮಾಡಿಕೊಂಡು ಆ ಅಂಕಣವನ್ನು ಖಾಲಿ ಬಿಡುವ ಜಾಣರಿಗೆ ಏನೆನ್ನೋಣ? ಆಯೋಗವೇ ಹೇಳೆಂದು ಕೇಳುತ್ತಿರುವಾಗ ಬಾಯಿ ಮುಚ್ಚಿ ಕೂರುವುದು ವಿನಯವಲ್ಲ, ಅಲಕ್ಷ್ಯ.

ಭಾಷೆಯ ಅಂಕಣದ ವಿಚಾರವಂತೂ ಇನ್ನೂ ಖೇದಕರ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಸಂಘದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ, ಕಚೇರಿಯಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಗುಜರಾತಿ, ಹೀಗೆ ಆರು ಭಾಷೆಗಳಲ್ಲಿ ಬದುಕುವ ನಮ್ಮ ಹುಡುಗಿ ಅರ್ಜಿಯಲ್ಲಿ ಬರೆಯುವುದು 'ಇಂಗ್ಲಿಷ್, ಹಿಂದಿ' ಎಂದು. ಕನ್ನಡವನ್ನು ನಾಚಿಕೆಯ ವಸ್ತುವಿನಂತೆ ಒಳಗೆ ಮುಚ್ಚಿಡುತ್ತಾಳೆ. ಸ್ಟೇಟ್ ಬ್ಯಾಂಕಿನ ಜೂನಿಯರ್ ಅಸೋಸಿಯೇಟ್ ಹುದ್ದೆಗೆ ಅರ್ಜಿ ಹಾಕುವವರು ತಾವು ಆರಿಸಿಕೊಂಡ ರಾಜ್ಯದ ನಿಗದಿತ ಭಾಷೆಯನ್ನು ಓದಲು, ಬರೆಯಲು, ಮಾತನಾಡಲು ಬಲ್ಲವರಾಗಿರಬೇಕು. 10 ಅಥವಾ 12ನೆಯ ತರಗತಿಯಲ್ಲಿ ಆ ಭಾಷೆಯನ್ನು ಕಲಿತ ದಾಖಲೆ ಇದ್ದವರಿಗೆ ಭಾಷಾ ಪರೀಕ್ಷೆ ಇರುವುದಿಲ್ಲ. ಮುಂಬಯಿಯ ಕನ್ನಡ ಶಾಲೆಯಲ್ಲಿ ಓದಿ ಮರಾಠಿಯನ್ನೂ ಕಲಿತ ಮಕ್ಕಳಿಗೆ ಎರಡು ರಾಜ್ಯಗಳ ಬಾಗಿಲು ತೆರೆದಿದೆ ಎಂದರ್ಥ. ಕನ್ನಡ ಕಲಿತರೆ ಹೊಟ್ಟೆ ತುಂಬುವುದೇ ಎಂದು ಕೇಳುವ ತಂದೆತಾಯಿಗಳು ಈ ಜಾಹೀರಾತನ್ನು ಒಮ್ಮೆ ಓದಲಿ.

ಇನ್ನು ಮೂರನೆಯ ಕಾರಣ: ಬರೆಸುವ ಚಟ. ಹಿಂದೆ ಕಚೇರಿಯ ಹೊರಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತವನು ಎಲ್ಲರಿಗೂ ಒಂದೇ ಅರ್ಜಿಯನ್ನು ಹೆಸರು ಬದಲಿಸಿ ಬಡಿದುಕೊಡುತ್ತಿದ್ದ. ಆಮೇಲೆ ಝೆರಾಕ್ಸ್ ಅಂಗಡಿಯ ಕಂಪ್ಯೂಟರು ಆ ಕೆಲಸ ಮಾಡಿತು. ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಕೇಳಿದ ಕ್ಷಣದಲ್ಲಿ ನುಣುಪಾದ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದುಕೊಡುತ್ತದೆ. ವ್ಯಾಕರಣ ತಿದ್ದಿಸಿಕೊಳ್ಳುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ನೀವು ಹೇಳದಿದ್ದರೆ ಆ ಯಂತ್ರಕ್ಕೆ ನಿಮ್ಮ ಗಲ್ಲಾಪೆಟ್ಟಿಗೆಯ ಕಥೆ ಹೇಗೆ ಗೊತ್ತಾಗಬೇಕು? ಅದು ಎಲ್ಲರಿಗೂ ಹೊಂದುವ ಅಂಗಿಯನ್ನೇ ಹೊಲಿದು ಕೊಡುತ್ತದೆ, ಇಲ್ಲವೇ ನೀವು ಮಾಡದ ಸಾಹಸವನ್ನು ನಿಮ್ಮ ಹೆಸರಿಗೆ ಕಟ್ಟುತ್ತದೆ. ಆ ಸುಳ್ಳಿನ ಕೆಳಗೆ ಸಹಿ ಮಾಡುವವರು ನೀವು. ಸಂದರ್ಶನದಲ್ಲಿ ಅದರ ವಿವರ ಕೇಳಿದಾಗ ತಲೆ ತಗ್ಗಿಸುವವರೂ ನೀವೇ.

ಇಷ್ಟೆಲ್ಲ ಹೇಳಿ ತರುಣರನ್ನು ಮಾತ್ರ ದೂಷಿಸಿದರೆ ನ್ಯಾಯವಾಗದು. ಅವರ ಸಂಕೋಚಕ್ಕೆ ನೀರೆರೆದವರಲ್ಲಿ ನಮ್ಮ ಧಣಿಗಳೂ ಇದ್ದಾರೆ. ಹುಡುಗ ತಾನು ಮಾಡಿದ ಕೆಲಸವನ್ನು ಧೈರ್ಯವಾಗಿ ಬರೆದನೆಂದೇ ಇಟ್ಟುಕೊಳ್ಳಿ. ಅದಕ್ಕೆ ಆಧಾರ ಬೇಡವೇ? ಲೋಕಸೇವಾ ಆಯೋಗ ಅನುಭವ ಪತ್ರಕ್ಕೆ ತನ್ನದೇ ನಮೂನೆಯನ್ನು ಇಟ್ಟಿದೆ. ಎಂದಿನಿಂದ ಎಂದಿನ ವರೆಗೆ, ಯಾವ ಹುದ್ದೆಯಲ್ಲಿ, ಯಾವ ಕರ್ತವ್ಯ ಎಂಬ ವಿವರ ಅದರಲ್ಲಿರಬೇಕು. ಇಂಥ ಒಂದು ಪತ್ರಕ್ಕಾಗಿ ನಮ್ಮ ಹುಡುಗ ಧಣಿಗಳ ಮುಂದೆ ನಿಂತರೆ ಸಿಗುವ ಉತ್ತರವೇನು? "ಪತ್ರ ಗಿತ್ರ ಎಲ್ಲ ಯಾಕೆ, ನಾನಿದ್ದೇನಲ್ಲ, ಫೋನು ಮಾಡಿ ಹೇಳುತ್ತೇನೆ." ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಪ್ರಾವಿಡೆಂಟ್ ಫಂಡ್ ಕಟ್ಟಿಲ್ಲ, ಪತ್ರ ಕೊಟ್ಟರೆ ನಾಳೆ ಅದೇ ಸಾಕ್ಷಿಯಾದೀತೆಂಬ ಭಯ! ಆರು ವರ್ಷ ಬೆವರು ಸುರಿಸಿದವನು ಕೊನೆಗೆ ಕಾಗದದ ಮೇಲೆ ನಿರುದ್ಯೋಗಿ. ಸಂಘದ ವೇದಿಕೆಯಲ್ಲಿ ಶಾಲು ಹೊದೆಸಿಕೊಂಡು ಯುವಜನರ ಏಳಿಗೆಯ ಕುರಿತು ಭಾಷಣ ಮಾಡುವವರಲ್ಲಿ ಎಷ್ಟು ಮಂದಿ ತಮ್ಮಲ್ಲಿ ದುಡಿದ ಹುಡುಗನಿಗೆ ಇಂಥ ಪತ್ರ ಕೊಟ್ಟಿದ್ದಾರೆ? 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕೆನ್ನುತ್ತವೆ. ಕಾನೂನಿನ ಭಯಕ್ಕಿಂತ ಮೊದಲು ಅನ್ನದ ಋಣಕ್ಕಾದರೂ ನಮ್ಮ ಮಾಲೀಕರು ಈ ಕೆಲಸ ಮಾಡಬೇಕು. ಹುಡುಗ ಅನ್ನ ಉಂಡದ್ದು ನಿಮ್ಮ ಮನೆಯಲ್ಲಿ, ನಿಜ. ಆದರೆ ನಿಮ್ಮ ಗಲ್ಲಾ ತುಂಬಿದ್ದು ಅವನ ಕೈಯಿಂದ.

ಅರ್ಜಿ ಎಂಬುದು ಪರ್ಸಿಯನ್ನಿನಿಂದ ಬಂದ ಶಬ್ದ. ದೊರೆಯ ಮುಂದೆ ಮಾಡುವ ಬಿನ್ನಹವೆಂದು ಅದರ ಮೂಲಾರ್ಥ. ದೊರೆಗಳು ಹೋದರು, ಬಿನ್ನಹದ ಭಂಗಿ ಮಾತ್ರ ಉಳಿದಿದೆ. ಉದ್ಯೋಗದಾತ ದಾನ ಮಾಡಲು ಕೂತಿಲ್ಲ. ಅವನಿಗೆ ಕೆಲಸವಾಗಬೇಕಾಗಿದೆ, ಅದನ್ನು ಮಾಡಬಲ್ಲವನನ್ನು ಹುಡುಕುತ್ತಿದ್ದಾನೆ. ತನಗೆ ಬೇಕಾದದ್ದು ಇಂಥಿಂಥದೆಂದು ಅವನೇ ಬರೆದು ಹೇಳಿದ್ದಾನೆ. ಅದಕ್ಕೆ ನಿಂತು ಉತ್ತರ ಕೊಡುವವನು ಬೇಡುವವನಲ್ಲ.

ನಮ್ಮ ಸಂಘ ಸಂಸ್ಥೆಗಳಿಗೆ ನಮ್ಮದೊಂದು ಒತ್ತಾಯ. ವರ್ಷಕ್ಕೆ ಒಂದು ಸನ್ಮಾನ ಕಡಿಮೆಯಾದರೆ ಕನ್ನಡಕ್ಕೆ ನಷ್ಟವಿಲ್ಲ. ಬದಲಿಗೆ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಕಚೇರಿಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಹಾಕಿಸಿರಿ. ಬ್ಯಾಂಕು, ರೈಲ್ವೆ, ವಿಮಾ ಕಚೇರಿಗಳಿಂದ ನಿವೃತ್ತರಾದ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಇಬ್ಬರು ಅಲ್ಲಿ ಕೂರಲಿ. ಅರ್ಜಿಯನ್ನು ಅವರು ಬರೆದುಕೊಡಬೇಕಾಗಿಲ್ಲ. ಜಾಹೀರಾತಿನ ಒಂದೊಂದು ಮಾನದಂಡವನ್ನು ಓದಿ, "ಇದನ್ನು ನೀನು ಎಲ್ಲಿ ಮಾಡಿದ್ದೀ? ಯಾವಾಗ? ಏನಾಯಿತು?" ಎಂದು ಮಾತ್ರ ಕೇಳಲಿ. ಹುಡುಗ ಹೇಳತೊಡಗುತ್ತಾನೆ. ಅವನು ಹೇಳಿದ್ದನ್ನೇ ಅವನ ಕೈಯಿಂದ ಬರೆಸಿರಿ. ಹೋಟೆಲು ಮಾಲೀಕರು, ಉದ್ಯಮಿಗಳು ತಮ್ಮ ಕಡೆಯಿಂದ ಒಂದೊಂದು ಅನುಭವ ಪತ್ರ ಕೊಡಲಿ. ಹಣ ಖರ್ಚಿಲ್ಲದ ಈ ಸಮಾಜಸೇವೆಯನ್ನು ಯಾವ ಸಂಘ ಮೊದಲು ಆರಂಭಿಸುವುದೆಂದು ನಾವು ಕಾದು ನೋಡುತ್ತೇವೆ.